ಏನಿಲ್ಲ ಮಾರಾಯ್ತಿ

ಹೆಂಗಸರ ಬೀರುವಿನಲ್ಲಿ ಏನೇನಿರುತ್ತದೆ ಎಂದು ಯಾರಾದರೂ ಪಟ್ಟಿ ಮಾಡಲು ಹೊರಟರೆ ಒಂದಷ್ಟು ರೇಷ್ಮೆ ಸೀರೆ, ಅದರ ಮಡಿಕೆಯೊಳಗೆ ನುಸಿಗುಳಿಗೆ, ಬ್ಯಾಂಕಿನ ಪಾಸ್‌ಬುಕ್ಕು, ಮಕ್ಕಳ ಹಳೆಯ ಅಂಕಪಟ್ಟಿ, ಗಂಡನಿಗೆ ಕಾಣದಂತೆ ಇಟ್ಟ ಐನೂರರ ಎರಡು ನೋಟು, ಇಷ್ಟು ಸಿಕ್ಕೀತು. ನನ್ನ ಬೀರುವಿನಲ್ಲಿ ಇವುಗಳ ಜೊತೆಗೆ ಒಂದು ರಿವಾಲ್ವರೂ ಇದೆ. ನಮ್ಮ ಸ್ಟಾಫ್ ರೂಮಿನಲ್ಲಿ ಒಮ್ಮೆ ಬಾಯಿತಪ್ಪಿ ಇದನ್ನು ಹೇಳಿದ್ದೇ ತಡ, ವಿಜ್ಞಾನದ ಮೇಡಂ ಅರ್ಧ ಕಚ್ಚಿದ ಚಕ್ಕುಲಿಯನ್ನು ಹಾಗೇ ಡಬ್ಬಿಗೆ ಹಾಕಿದರು. ಅಂದಿನಿಂದ ನಮ್ಮ ಹೆಡ್‌ಮಾಸ್ಟರು ನನಗೆ ಹೆಚ್ಚುವರಿ ಪೀರಿಯಡ್ ಹಾಕುವಾಗ ಸ್ವಲ್ಪ ಯೋಚಿಸುತ್ತಾರೆ ಎಂದು ಗೆಳತಿಯರ ತಮಾಷೆ.

ನಾನು ಮೂಡಿಗೆರೆ ಸೀಮೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವಳು. 1526ರಲ್ಲಿ ಪಾಣಿಪತ್ತಿನ ಬಯಲಿನಲ್ಲಿ ಬಾಬರನ ಫಿರಂಗಿಗಳು ಏನು ಮಾಡಿದವು ಎಂಬುದನ್ನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ನನಗೂ ಮದ್ದುಗುಂಡಿಗೂ ಇದ್ದ ನಂಟು ಅಷ್ಟೇ. ಹಾಗಿದ್ದವಳು ಈಗ ತಿಂಗಳಿಗೊಂದು ಭಾನುವಾರ, ಮಳೆಗಾಲದಲ್ಲಾದರೆ ಹದಿನೈದು ದಿನಕ್ಕೊಮ್ಮೆ, ಹಿತ್ತಲ ಜಗಲಿಯಲ್ಲಿ ಹಳೆಯ ಪೇಪರು ಹಾಸಿಕೊಂಡು ರಿವಾಲ್ವರ್ ತಿಕ್ಕುತ್ತ ಕೂರುತ್ತೇನೆ. ಇದು ನನ್ನ ಕೈಗೆ ಬಂದ ಮೊದಲನೆಯ ರಿವಾಲ್ವರು, ಕೊನೆಯದೂ ಹೌದು. ಅದು ಹೇಗೆ ಬಂತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮದು ಹನ್ನೆರಡು ಎಕರೆ ಕಾಫಿ ತೋಟ. ದೊಡ್ಡ ಪ್ಲಾಂಟರುಗಳ ಸಾಲಿಗೆ ಸೇರುವಂಥದ್ದಲ್ಲ. ಆದರೂ ಕೊಯ್ಲಿನ ದಿನಗಳಲ್ಲಿ ಶನಿವಾರದ ಬಟವಾಡೆಗೆ ಪೇಟೆಯ ಬ್ಯಾಂಕಿನಿಂದ ಹಣ ತರಬೇಕು. ದಾರಿಯಲ್ಲಿ ಎರಡು ಮೈಲಿ ಕಾಡು. ಯಾರದೋ ಹಣದ ಚೀಲ ಕಿತ್ತುಕೊಂಡರು ಎಂಬ ಸುದ್ದಿ ಹಬ್ಬಿದ ವರ್ಷ, 2003ರಲ್ಲಿ, ನಮ್ಮೆಜಮಾನರು ಓಡಾಡಿ ಪರವಾನಗಿ ಮಾಡಿಸಿ ಇದನ್ನು ತಂದರು. ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದದ್ದು, .32 ಬೋರು, ಆರು ಗುಂಡಿನದು, ನಳಿಗೆ ಮೂರಂಗುಲ. ಮನೆಯಲ್ಲಿ ಮಾವನವರ ಕಾಲದ ಕೋವಿಯೊಂದು ಮೊದಲೇ ಇತ್ತು. ಅದನ್ನು ಕಂಡರೆ ನನಗೆ ಭಯವಿರಲಿಲ್ಲ; ಒನಕೆಯ ಹಾಗೆ ಮೂಲೆಯಲ್ಲಿ ನಿಂತಿರುತ್ತಿತ್ತು. ಇದು ಹಾಗಲ್ಲ. ಅಂಗೈಯಲ್ಲಿ ಹಿಡಿಸುವ ಈ ಕಪ್ಪು ವಸ್ತು ಮನುಷ್ಯನಿಗಾಗಿಯೇ ಮಾಡಿದ್ದು ಎಂಬುದು ನೋಡಿದರೇ ತಿಳಿಯುತ್ತಿತ್ತು.

"ಇದರಲ್ಲಿ ಗುಂಡು ಇದೆಯೇನ್ರೀ?" ಎಂದು ಮೊದಲ ದಿನ ಕೇಳಿದೆ.

"ಏನಿಲ್ಲ ಮಾರಾಯ್ತಿ, ಖಾಲಿ" ಅಂದರು.

ಆಮೇಲೆ ಹದಿನೆಂಟು ವರ್ಷ ಅದು ನನ್ನ ಸೀರೆಗಳ ಕೆಳಗಿನ ಲಾಕರಿನಲ್ಲಿತ್ತು. ಅವರು ತಿಂಗಳಿಗೊಮ್ಮೆ ತೆಗೆದು, ಕೊಟ್ಟಿಗೆಯ ಮಗ್ಗುಲಿಗೆ ಹೋಗಿ ಏನೇನೋ ತಿಕ್ಕಿ ಒರೆಸಿ ತಂದಿಡುತ್ತಿದ್ದರು. ಆಯುಧಪೂಜೆಯ ದಿನ ಕತ್ತಿ, ಗುದ್ದಲಿ, ಜೀಪು, ನನ್ನ ಹೊಲಿಗೆ ಯಂತ್ರ, ಇವುಗಳ ಸಾಲಿನಲ್ಲಿ ಅದಕ್ಕೂ ಕುಂಕುಮವಿಟ್ಟು ಹೂ ಏರಿಸುತ್ತಿದ್ದೆ. ಮುಟ್ಟುತ್ತಿದ್ದದ್ದು ಅಷ್ಟೇ, ಅದೂ ಉಂಗುರಬೆರಳಿನ ತುದಿಯಿಂದ. ಉಳಿದದ್ದಕ್ಕೆಲ್ಲ ಅವರ 'ಖಾಲಿ' ಎಂಬ ಒಂದು ಮಾತೇ ಸಾಕಾಗಿತ್ತು.

2021ರ ಸೆಪ್ಟೆಂಬರಿನಲ್ಲಿ ಅವರು ಹೋದರು. ಬೆಳಿಗ್ಗೆ ತೋಟಕ್ಕೆ ಹೋದವರು ಎದೆ ಹಿಡಿದುಕೊಂಡು ಕಣದ ಕಟ್ಟೆಯ ಮೇಲೆ ಕೂತರು, ಮತ್ತೆ ಏಳಲಿಲ್ಲ. ಮಗಳು ಐದು ವರ್ಷದ ಮೊಮ್ಮಗನನ್ನು ಕರೆದುಕೊಂಡು ಬಂದು ನನ್ನ ಜೊತೆ ಒಂದು ತಿಂಗಳು ಇದ್ದಳು. ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ ಒಂದು ದಿನ ಬೀಟಿನ ಪೊಲೀಸ್ ಹುಡುಗ ಮನೆಗೆ ಬಂದ. ನನ್ನ ಹಳೆಯ ವಿದ್ಯಾರ್ಥಿ. ಕಾಫಿ ಕುಡಿದು, ತಲೆ ತಗ್ಗಿಸಿಕೊಂಡು, "ಟೀಚರ್, ಸಾರ್ ಹೆಸರಲ್ಲಿ ರಿವಾಲ್ವರ್ ಇತ್ತಲ್ಲ, ಅದನ್ನ ಸ್ಟೇಷನ್ನಿಗೆ ಒಪ್ಪಿಸಬೇಕು" ಅಂದ. ಪರವಾನಗಿ ಇದ್ದವರು ತೀರಿಕೊಂಡರೆ ಮನೆಯವರು ತಡಮಾಡದೆ ಆಯುಧವನ್ನು ಠಾಣೆಗಾಗಲಿ ಪರವಾನಗಿ ಇರುವ ಕೋವಿ ಅಂಗಡಿಗಾಗಲಿ ಒಪ್ಪಿಸಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿದೆಯಂತೆ. ಸಂವಿಧಾನದ ವಿಧಿಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನನಗೆ ಇದು ಗೊತ್ತಿರಲಿಲ್ಲ.

ಮರುದಿನ ಅದನ್ನು ಟವೆಲಿನಲ್ಲಿ ಸುತ್ತಿ, ಬಟ್ಟೆ ಚೀಲದಲ್ಲಿಟ್ಟು, ಮೇಲೆ ಟಿಫನ್ ಡಬ್ಬಿ ಇಟ್ಟುಕೊಂಡು ಬಸ್ಸು ಹತ್ತಿದೆ. ಗುಂಡಿನ ಪೆಟ್ಟಿಗೆಯನ್ನು ಬೇರೆಯಾಗಿ ಪರ್ಸಿನಲ್ಲಿಟ್ಟುಕೊಂಡೆನೆಂದು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಪಕ್ಕದ ಸೀಟಿನಲ್ಲಿ ಬಾಣಂತಿಯೊಬ್ಬಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಮಗುವಿನ ಕಾಲು ನನ್ನ ಚೀಲಕ್ಕೆ ತಾಗುತ್ತಿತ್ತು. ನಾನು ಚೀಲವನ್ನು ಆಚೀಚೆ ಸರಿಸುತ್ತ ಒಂಬತ್ತು ಕಿಲೋಮೀಟರ್ ಹೋದೆ.

ಠಾಣೆಯಲ್ಲಿ ಒಬ್ಬ ವಯಸ್ಸಾದ ಎ.ಎಸ್.ಐ. ಟವೆಲು ಬಿಚ್ಚಿದರು. ರಿವಾಲ್ವರಿನ ಮೂತಿಯನ್ನು ಗೋಡೆಯ ಕಡೆಗೆ ತಿರುಗಿಸಿ, ಹೆಬ್ಬೆರಳಿನಿಂದ ಹಿಂದಿನ ಚಿಲಕ ಒತ್ತಿ, ನಳಿಗೆಯನ್ನು ಕೆಳಕ್ಕೆ ಬಾಗಿಸಿದರು. ಟಕ್ ಟಕ್ ಎಂದು ಮೇಜಿನ ಮೇಲೆ ಎರಡು ಗುಂಡು ಬಿದ್ದು ಉರುಳಿದವು.

ಯಾರೂ ಮಾತಾಡಲಿಲ್ಲ. ಅವರು ಗುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಟ್ಟಿತ್ತು. "ಇವು ಈಗ ಹಾಕಿದ್ದಲ್ಲ ಮೇಡಂ, ಎಷ್ಟೋ ಕಾಲದಿಂದ ಇದರೊಳಗೇ ಇವೆ. ನೀವು ನೋಡ್ಲಿಲ್ವಾ?" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಕಣ್ಣ ಮುಂದೆ ಬಸ್ಸಿನ ಮಗುವಿನ ಕಾಲು ಬಂತು. ಅದಕ್ಕಿಂತ ಹೆಚ್ಚಾಗಿ ಮೊಮ್ಮಗ ಬಂದ. ಬೀರುವಿನ ಬೀಗದಕೈ ಗೊಂಚಲು ಕ್ಯಾಲೆಂಡರಿನ ಮೊಳೆಗೇ ನೇತುಹಾಕಿರುತ್ತಿತ್ತು. ಆ ಇಡೀ ತಿಂಗಳು ಅವನು ಸ್ಟೂಲು ಎಳೆದುಕೊಂಡು, ಗೊಂಚಲು ತೆಗೆದುಕೊಂಡು, ಮನೆಯ ಬೀಗಗಳಿಗೆಲ್ಲ ಒಂದೊಂದೇ ಕೈ ಹಾಕಿ ತಿರುಗಿಸುವ ಆಟ ಆಡಿದ್ದ. ಅಳುವ ಮನೆಯಲ್ಲಿ ಮಗು ತನ್ನಷ್ಟಕ್ಕೆ ಆಡಿಕೊಂಡಿದೆಯಲ್ಲ ಎಂದು ನಾವೇ ಸುಮ್ಮನಿದ್ದೆವು. ಲಾಕರಿನ ಕೈ ಅದೇ ಗೊಂಚಲಿನಲ್ಲಿತ್ತು. ಠಾಣೆಯ ಬೆಂಚಿನ ಮೇಲೆ ಕೂತು ಒಂದು ಚೊಂಬು ನೀರು ಕುಡಿದೆ. ರಸೀದಿಗೆ ಸಹಿ ಹಾಕುವಾಗ ಕೈ ನಡುಗಿ ನನ್ನ ಹೆಸರು ನನಗೇ ಓದಲಾಗದಂತಾಯಿತು.

ಮಗಳು, "ಹಾಳಾಗಿ ಹೋಗ್ಲಿ ಅಮ್ಮ, ಇನ್ನು ಅದು ನಮ್ಮನೆಗೆ ಬೇಡವೇ ಬೇಡ" ಎಂದಳು. ನ್ಯಾಯವಾದ ಮಾತು. ಆದರೆ ನನಗೆ ಒಂದು ಹಟ ಹುಟ್ಟಿತು. ಹದಿನೆಂಟು ವರ್ಷ ಒಂದೇ ಕೋಣೆಯಲ್ಲಿ ಮಲಗಿದ್ದೇನೆ. ಅದು ಖಾಲಿಯೋ ತುಂಬಿದೆಯೋ ಎಂದು ತೆರೆದು ನೋಡುವ ಅರ್ಧ ನಿಮಿಷದ ಕೆಲಸ ನನಗೆ ಬರುತ್ತಿರಲಿಲ್ಲ. ಬರುವುದು ಬೇಡ ಎಂದು ನಾನೇ ಇದ್ದೆ. ಒಮ್ಮೆ ಅದನ್ನು ಕಲಿತು, ಆಮೇಲೆ ಬೇಕಾದರೆ ಕೊಟ್ಟುಬಿಡುತ್ತೇನೆ ಎಂದುಕೊಂಡೆ.

ವಾರಸುದಾರಳೆಂದು ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಿದೆ. ಮಗಳ ಒಪ್ಪಿಗೆ ಪತ್ರ, ಪೊಲೀಸ್ ವರದಿ, ವೈದ್ಯರ ಪ್ರಮಾಣಪತ್ರ ಎಲ್ಲ ಕೇಳಿದರು. ಜೊತೆಗೆ 2016ರ ನಿಯಮಗಳ ಪ್ರಕಾರ ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿಯೂ ಆಗಿರಬೇಕಂತೆ. ತರಬೇತಿಯಲ್ಲಿ ನಾನೊಬ್ಬಳೇ ಹೆಂಗಸು. ಉಳಿದವರೆಲ್ಲ ಮೀಸೆಯ ಗಂಡಸರು. ಹಲಗೆಗೆ ಗುರಿಯಿಟ್ಟು ಹೊಡೆದದ್ದರಲ್ಲಿ ಒಂದು ತಗುಲಿತು, ಅದೂ ಪಕ್ಕದವರ ಹಲಗೆಗೆ. ಆದರೆ ಖಾಲಿ ಮಾಡಿ ತೋರಿಸುವ ಪರೀಕ್ಷೆಯಲ್ಲಿ ಮಾತ್ರ ಮೊದಲಿಗಳಾಗಿ ಪಾಸಾದೆ. 2023ರ ಜನವರಿಯಲ್ಲಿ ನನ್ನ ಹೆಸರಿಗೆ ಪರವಾನಗಿ ಬಂತು. ರಿವಾಲ್ವರನ್ನು ಮನೆಗೆ ತಂದೆ. ಕಿಲುಬು ಹಿಡಿದ ಎರಡು, ಪೆಟ್ಟಿಗೆಯ ಎಂಟು, ಹೀಗೆ ಹತ್ತೂ ಗುಂಡುಗಳನ್ನು ಕೋವಿ ಅಂಗಡಿಗೆ ಒಪ್ಪಿಸಿ ರಸೀದಿ ಪಡೆದೆ.

ಅದನ್ನು ಒಪ್ಪವಾಗಿಡುವುದು ಹೇಗೆಂದು ಕಲಿಸಿದವರು ನಮ್ಮ ಪಕ್ಕದ ತೋಟದವರು, ಸೈನ್ಯದಿಂದ ನಿವೃತ್ತರಾದ ಹವಾಲ್ದಾರರು. ಮಳೆಗಾಲವನ್ನು ಠಾಣೆಯಲ್ಲಿ ಕಳೆದ ರಿವಾಲ್ವರಿನ ಮೇಲೆ ಅಲ್ಲಲ್ಲಿ ಕೆಂಪು ತುಕ್ಕು ಎದ್ದಿತ್ತು. ನಮ್ಮ ಮಳೆಯಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಕಬ್ಬಿಣದ ಪಾಡೇನು!

ನಾನು ಅಡುಗೆಮನೆಯಿಂದ ಕೊಬ್ಬರಿಎಣ್ಣೆ ತಂದೆ. ಅವರು ನಕ್ಕರು. "ಅಕ್ಕಾ, ಇದೇನು ತಲೆಕೂದಲಾ? ಕೊಬ್ಬರಿಎಣ್ಣೆ ಚಳಿಗೆ ಗಟ್ಟಿಯಾಗ್ತದೆ, ಆಮೇಲೆ ಜಿಡ್ಡು ಕಟ್ಟಿ ಕೀಲೆಲ್ಲ ಹಿಡ್ಕೊಳ್ತದೆ. ನಿಮ್ಮ ಹೊಲಿಗೆ ಮೆಷಿನ್ನಿನ ಎಣ್ಣೆ ತನ್ನಿ" ಎಂದರು. ಕೋವಿಯವರು ಹಿಂದಿನಿಂದ ಬಳಸುವ ರಂಗೂನ್ ಎಣ್ಣೆಯೂ ಇದೆ, ಅದು ಸಿಗದಿದ್ದರೆ ಇದೇ ನಡೆಯುತ್ತದೆ ಎಂದರು. ಹೊಲಿಗೆ ಯಂತ್ರದ ಎಣ್ಣೆ ಎಂದ ಕೂಡಲೇ ನನ್ನ ಭಯ ಅರ್ಧ ಇಳಿಯಿತು.

ಮೊದಲ ಪಾಠ ಎಣ್ಣೆಯದಲ್ಲ, ನೋಟದ್ದು. ಕೈಗೆತ್ತಿಕೊಂಡ ಕ್ಷಣದಿಂದ ಮೂತಿ ಜನರಿಲ್ಲದ ಕಡೆಗೆ, ಮಣ್ಣಿನ ಗೋಡೆಯ ಕಡೆಗೆ ಇರಬೇಕು. ಬೆರಳು ಕುದುರೆಯ ಹತ್ತಿರ ಹೋಗಬಾರದು. ಚಿಲಕ ಒತ್ತಿ ಬಾಗಿಸಬೇಕು. ಆರು ಗೂಡನ್ನೂ ಒಂದೊಂದಾಗಿ ಕಣ್ಣಿನಿಂದ ನೋಡಬೇಕು. ನೋಡಿದ್ದು ಸಾಲದೆಂದು ಕಿರುಬೆರಳು ತೂರಿಸಿ ಮುಟ್ಟಿಯೂ ನೋಡಬೇಕು. ಗುಂಡುಗಳಿದ್ದರೆ ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿ. "ಯಾರು ಖಾಲಿ ಅಂದ್ರೂ ನಂಬಬಾರದು ಅಕ್ಕಾ. ನಾನೇ ಈಗ ನೋಡಿ ನಿಮ್ಮ ಕೈಗೆ ಕೊಟ್ಟೆ ಅಂತಿಟ್ಕೊಳ್ಳಿ. ನೀವು ಮತ್ತೊಮ್ಮೆ ತೆರೆದು ನೋಡ್ಬೇಕು. ಇದರಲ್ಲಿ ಮರ್ಯಾದೆ ಪ್ರಶ್ನೆ ಇಲ್ಲ" ಎಂದರು.

ಆಮೇಲಿನದು ನಮಗೆಲ್ಲ ಗೊತ್ತಿರುವ ಕೆಲಸವೇ. ಹಿತ್ತಾಳೆಯ ಸಲಾಕೆಯ ತುದಿಗೆ ಬೋರಿನ ಅಳತೆಯ ಕಂಚಿನ ಬ್ರಷ್ಷು ಸಿಕ್ಕಿಸಿ, ಸೀಮೆಎಣ್ಣೆಯಲ್ಲಿ ಅದ್ದಿ, ನಳಿಗೆಯ ಹಿಂದಿನ ಬಾಯಿಂದ ತೂರಿಸಿ ಮುಂದಿನ ಬಾಯಿಂದ ಪೂರ್ತಿ ಹೊರಗೆ ತರಬೇಕು. ನಡುವೆ ನಿಲ್ಲಿಸಿ ಹಿಂದೆ ಮುಂದೆ ಎಳೆಯಬಾರದು. ಮೂತಿಯ ಅಂಚು ಸವೆಯಬಾರದು. ಗುರಿಯೆಲ್ಲ ಆ ಅಂಚಿನಲ್ಲಿದೆಯಂತೆ. ಹಾಗೆಯೇ ಆರು ಗೂಡು. ಗುಂಡುಗಳನ್ನು ಮೇಲೆತ್ತುವ ನಕ್ಷತ್ರದಂಥ ಬಿಲ್ಲೆಯ ಅಡಿಯಲ್ಲಿ ಕಸ ಕೂರುತ್ತದೆ. ಅಲ್ಲಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಗುಂಡು ಹಾರಿಸಿದ್ದರೆ ಮಸಿಯೂ ಸೀಸದ ಕಿಟ್ಟವೂ ಗೂಡುಗಳ ಮುಂಭಾಗದಲ್ಲಿ ಕೂರುತ್ತವೆ. ಆಮೇಲೆ ಬಟ್ಟೆಯ ಚೂರುಗಳು. ಒಂದಾದ ಮೇಲೊಂದು ತೂರಿಸುತ್ತ ಹೋದರೆ ಮೊದಲು ಕಪ್ಪು, ಆಮೇಲೆ ಬೂದು, ಕೊನೆಗೆ ಬಿಳಿಯಾಗಿಯೇ ಹೊರಬರುತ್ತದೆ. ಮೆತ್ತಗಿನ ಹತ್ತಿ ಬಟ್ಟೆ ಬೇಕು ಎಂದರು. ನಮ್ಮೆಜಮಾನರ ಪಂಚೆಯೊಂದನ್ನು ಹರಿದೆ. ಅದನ್ನು ಯಾರಿಗೂ ಕೊಡಲಾಗದೆ ಇಟ್ಟುಕೊಂಡಿದ್ದೆ.

ಕೊನೆಯಲ್ಲಿ ತೆಳುವಾಗಿ ಎಣ್ಣೆ. ಇಲ್ಲಿ ನಾನು ಮೊದಲ ಸಲ ತಪ್ಪು ಮಾಡಿದೆ. ಕಾವಲಿಗೆ ಸವರುವಂತೆ ಧಾರಾಳವಾಗಿ ಹಚ್ಚಿದೆ. ಎಣ್ಣೆ ಹೆಚ್ಚಾದರೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ, ಗೂಡಿನಲ್ಲಿ ಉಳಿದರೆ ಗುಂಡಿನೊಳಗೂ ಇಳಿದು ಕೆಡಿಸುತ್ತದೆ. ಹಚ್ಚಿ ಒರೆಸಿದ ಮೇಲೆ ಬೆರಳಿಗೆ ತಾಗಬೇಕು, ಕಣ್ಣಿಗೆ ಕಾಣಬಾರದು. ಸಿನಿಮಾದವರ ಹಾಗೆ ಕೈ ಝಾಡಿಸಿ ಫಟ್ಟೆಂದು ಮುಚ್ಚಬಾರದು. ಎರಡು ಕೈಯಿಂದ ಮೆಲ್ಲಗೆ ಕೂರಿಸಬೇಕು. ಬೆರಳ ಬೆವರು ತಾಗಿದಲ್ಲೇ ತುಕ್ಕು ಹುಟ್ಟುವುದರಿಂದ ಇಡುವ ಮೊದಲು ಎಣ್ಣೆಬಟ್ಟೆಯಿಂದ ಒಮ್ಮೆ ಒರೆಸಬೇಕು. ಚರ್ಮದ ಚೀಲದಲ್ಲಿ ಇಡಲೇಬಾರದು, ಚರ್ಮ ತೇವ ಹಿಡಿದಿಡುತ್ತದೆ. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ, ತೇವ ಹೀರುವ ಹರಳಿನ ಪೊಟ್ಟಣಗಳನ್ನು ಈಗ ನಾನು ಬಿಸಾಡುವುದಿಲ್ಲ. ಎಲ್ಲ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಆಯುಧಪೂಜೆಯ ಹೂವು, ಕುಂಕುಮ ಅದರ ಪಕ್ಕಕ್ಕೆ ಸಲ್ಲಲಿ, ಮೈಮೇಲೆ ಬೇಡ ಎಂದೂ ಹವಾಲ್ದಾರರು ಹೇಳಿದರು. ಹಿಡಿಯ ಮೇಲ್ಭಾಗದಲ್ಲಿ ಕಾಳಿನಷ್ಟು ಹಳೆಯ ತುಕ್ಕಿನ ಕಲೆ ಇತ್ತು. ಅದು ನನ್ನ ಉಂಗುರಬೆರಳಿನ ಜಾಗ.

"ಈಗ ನೋಡಿ ಅಕ್ಕಾ" ಎಂದು ನಳಿಗೆಯನ್ನು ಬಾಗಿಸಿ ಕೊಟ್ಟರು. ಹಿಂಬದಿಯಲ್ಲಿ ಹೆಬ್ಬೆರಳಿನ ಉಗುರು ಹಿಡಿದರೆ ಬೆಳಕು ಉಗುರಿಗೆ ಬಡಿದು ಒಳಗೆ ಹೋಗುತ್ತದೆ. ಮೂತಿಯಿಂದ ಇಣುಕಿದೆ. ಕಳಚಿ, ಖಾಲಿಯೆಂದು ಬೆರಳಿಟ್ಟು ನೋಡಿದ ಮೇಲೆ ಮಾತ್ರ ಇಣುಕಬಹುದಾದ ಜಾಗ ಅದು. ಒಳಗೆ ಸುರುಳಿ ಸುರುಳಿಯಾಗಿ ಸುತ್ತಿಕೊಂಡು ಹೋದ ಗೆರೆಗಳು, ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಚೆಂದವಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೆ ಚೆಂದವಿತ್ತು.

ಸಲಾಕೆ, ಬ್ರಷ್ಷು ಇಟ್ಟಿದ್ದ ತಗಡಿನ ಡಬ್ಬಿಯ ತಳದಲ್ಲಿ ನನಗೆ ಒಂದು ಸಣ್ಣ ನೋಟ್‌ಬುಕ್ಕು ಸಿಕ್ಕಿತು. ಇವರ ಅಕ್ಷರ. 2003ರಿಂದ ತಿಂಗಳಿಗೊಂದು ಸಾಲು. ತಾರೀಕು, ಅದರ ಮುಂದೆ 'ಗೂಡು 6 ಖಾಲಿ. ಪೆಟ್ಟಿಗೆಯಲ್ಲಿ 10.' ಹದಿನಾರು ವರ್ಷ ಅದೇ ಸಾಲು, ಒಂದು ತಿಂಗಳೂ ತಪ್ಪಿರಲಿಲ್ಲ. ಅಂದರೆ ಅವರು ಸುಳ್ಳು ಹೇಳಿರಲಿಲ್ಲ. ಕೊನೆಯ ಸಾಲು 21-7-2019ರದು. ಆಮೇಲೆ ಖಾಲಿ ಹಾಳೆಗಳು.

2019ರ ಆಗಸ್ಟ್ ತಿಂಗಳು ನಮ್ಮ ತಾಲ್ಲೂಕಿನವರಿಗೆ ಮರೆಯುವಂಥದ್ದಲ್ಲ. ಎಲ್ಲೆಲ್ಲೂ ಗುಡ್ಡ ಜಾರಿತು, ಮನೆಗಳು ಹೋದವು, ಊರು ಬಿಟ್ಟವರು ಎಷ್ಟೋ ಜನ. ನಮ್ಮ ಮನೆ ಉಳಿಯಿತು. ತೋಟದ ಮೇಲ್ಭಾಗದ ಒಂದೂವರೆ ಎಕರೆ, ಇವರು ಮದುವೆಯಾದ ವರ್ಷ ನೆಟ್ಟ ಗಿಡಗಳ ಸಮೇತ ಹಳ್ಳಕ್ಕೆ ಇಳಿಯಿತು. ಬ್ಯಾಂಕಿನ ಸಾಲ ಹಾಗೇ ನಿಂತಿತು. ಅಂದಿನಿಂದ ಇವರ ಮಾತು ಕಡಿಮೆಯಾಯಿತು. ರಾತ್ರಿ ಎದ್ದು ಹಜಾರದಲ್ಲಿ ಕೂತಿರುತ್ತಿದ್ದರು. ನಾನು ಎದ್ದು ಬಂದು, "ಏನ್ರೀ?" ಎನ್ನುತ್ತಿದ್ದೆ.

"ಏನಿಲ್ಲ ಮಾರಾಯ್ತಿ, ನೀ ಮಲಕ್ಕೋ."

ಬೆಳಿಗ್ಗೆ ಎಂಟೂವರೆಗೆ ನನಗೆ ಬಸ್ಸು. ಪಾಠದ ಟಿಪ್ಪಣಿ, ಉತ್ತರಪತ್ರಿಕೆ, ಮಗಳ ಫೋನು. ನಾನು ಮಲಗುತ್ತಿದ್ದೆ.

ಆ ಎರಡು ಗುಂಡುಗಳನ್ನು ಅವರು ಯಾಕೆ ತುಂಬಿಟ್ಟರೋ ನನಗೆ ಗೊತ್ತಿಲ್ಲ. ಆ ಮಳೆಯಲ್ಲಿ ಜನ ಬಿಟ್ಟುಹೋದ ಮನೆಗಳಿಗೆ ಕಳ್ಳರು ನುಗ್ಗುತ್ತಾರೆಂಬ ಮಾತಿತ್ತು, ಅದಕ್ಕಾಗಿ ಇರಬಹುದು. ಬೇರೆ ಯೋಚನೆಯೂ ಇದ್ದಿರಬಹುದು. ಒಂದಾಗಿದ್ದರೆ ಒಂದು ಅರ್ಥ, ಎರಡಾದ್ದರಿಂದ ಇನ್ನೊಂದು ಅರ್ಥ ಎಂದು ಎಷ್ಟೋ ರಾತ್ರಿ ಲೆಕ್ಕ ಹಾಕಿದ್ದೇನೆ. ತಾಳೆಯಾಗುವ ಲೆಕ್ಕವಲ್ಲ ಅದು. ಖಂಡಿತವಾಗಿ ಗೊತ್ತಿರುವುದು ಇಷ್ಟೇ. ತಿಂಗಳು ತಪ್ಪದೆ ಒಂದು ಕೆಲಸ ಮಾಡುತ್ತಿದ್ದ ಮನುಷ್ಯ ಎರಡು ವರ್ಷ ಅದನ್ನು ಬಿಟ್ಟಿದ್ದರು, ಅದೇ ಮನೆಯಲ್ಲಿದ್ದ ನಾನು ಗಮನಿಸಲಿಲ್ಲ. ಅವರು 'ಏನಿಲ್ಲ' ಎಂದಾಗಲೆಲ್ಲ ನಂಬಿದೆ. ನಂಬುವುದು ಸುಲಭವಿತ್ತು.

ಅದೇ ನೋಟ್‌ಬುಕ್ಕಿನಲ್ಲಿ ಒಂದು ಹಾಳೆ ಬಿಟ್ಟು ನಾನು ಬರೆಯಲು ಶುರುಮಾಡಿದೆ. 'ಗೂಡು 6 ಖಾಲಿ. ಮುಟ್ಟಿ ನೋಡಿದೆ. ಮನೆಯಲ್ಲಿ ಗುಂಡು ಇಲ್ಲ.' ಇದೇ ಸಾಲು ತಿಂಗಳು ತಿಂಗಳೂ. ನಡುವೆ ಕೆಲವು ತಿಂಗಳು ಮಾತ್ರ ಇಲ್ಲ. 2023ರ ವಿಧಾನಸಭಾ ಚುನಾವಣೆ, 2024ರ ಲೋಕಸಭಾ ಚುನಾವಣೆ, ಎರಡು ಸಲವೂ ಎಲ್ಲರ ಹಾಗೆ ಠಾಣೆಗೆ ಒಪ್ಪಿಸಿ ಬಂದೆ. ಒಂದು ವರ್ಷಕ್ಕೂ ಮೇಲೆ ಓಡಾಡಿ ಪಡೆದದ್ದನ್ನು ಮೂರು ತಿಂಗಳೊಳಗೆ ತಿರುಗಿ ಕೊಡುವಾಗ ನಗು ಬಂತು. ಚಿಲಕ ಒತ್ತಿ, ಬಾಗಿಸಿ, ಆರು ಗೂಡು ತೋರಿಸಿ ಮೇಜಿನ ಮೇಲಿಟ್ಟೆ. ಆ ರಾತ್ರಿ ಮನೆಯಲ್ಲಿ ಅದಿಲ್ಲ ಎಂಬುದು ನೆನಪಾಗಿ ಚೆನ್ನಾಗಿ ನಿದ್ದೆ ಮಾಡಿದೆ. ಅದನ್ನೂ ಗಮನಿಸಿಕೊಂಡೆ.

"ಗುಂಡಿಲ್ಲದ ರಿವಾಲ್ವರ್ ಇಟ್ಕೊಂಡು ಏನ್ಮಾಡ್ತೀಯಾ? ಕಳ್ಳ ಬಂದ್ರೆ ಒರೆಸಿ ತೋರಿಸ್ತೀಯಾ?" ಎಂದು ನನ್ನ ತಂಗಿ ನಗುತ್ತಾಳೆ. ನಮ್ಮ ಕಡೆ ಬರುವ ಆನೆಗಂತೂ ಇದು ಗುಂಡಿದ್ದರೂ ಸೊಳ್ಳೆ ಕಚ್ಚಿದ ಹಾಗೆ. ಒಂಟಿ ಹೆಂಗಸಿಗೆ ರಕ್ಷಣೆ ಬೇಡವೇ ಎಂದು ಕೇಳುವವರೂ ಇದ್ದಾರೆ. ಮನೆಯಲ್ಲಿ ತುಂಬಿದ ರಿವಾಲ್ವರ್ ಇದ್ದ ಎರಡು ವರ್ಷದಲ್ಲಿ ಅದರಿಂದ ಅಪಾಯವಿದ್ದದ್ದು ಕಳ್ಳನಿಗಲ್ಲ. ಬೀಗದಕೈ ಹಿಡಿದು ಆಡುತ್ತಿದ್ದ ಮಗುವಿಗೆ, ಹಜಾರದಲ್ಲಿ ನಿದ್ದೆಯಿಲ್ಲದೆ ಕೂತಿದ್ದ ಮನುಷ್ಯನಿಗೆ, ಬಸ್ಸಿನಲ್ಲಿ ನನ್ನ ಪಕ್ಕ ಕೂತ ಬಾಣಂತಿಗೆ. ಅವರಿಗೆ ನಾನು ಕೊಡುವ ಉತ್ತರ ಇದು.

ಕಳೆದ ವರ್ಷ ಹತ್ತನೇ ತರಗತಿಯ ಹುಡುಗಿಯೊಬ್ಬಳು ಒಂದು ವಾರ ಊದಿದ ಕಣ್ಣಿನಲ್ಲಿ ಬಂದಳು. ಸದಾ ಮೊದಲ ಬೆಂಚಿನಲ್ಲಿ ಕೈಯೆತ್ತುವವಳು ಹಿಂದಿನ ಬೆಂಚಿಗೆ ಹೋಗಿ ಕೂತಿದ್ದಳು. ಕರೆದು ಕೇಳಿದೆ. "ಏನಿಲ್ಲ ಮಿಸ್" ಎಂದಳು. ಗಂಟೆ ಹೊಡೆದಿತ್ತು, ನನಗೆ ಇನ್ನೊಂದು ಕ್ಲಾಸಿತ್ತು. ಹಿಂದಿನ ನಾನಾಗಿದ್ದರೆ ಬೆನ್ನು ತಟ್ಟಿ ಹೊರಡುತ್ತಿದ್ದೆ. ಅವತ್ತು ಕುರ್ಚಿ ಎಳೆದುಕೊಂಡು ಕೂತು, "ಏನಿಲ್ಲ ಅಂದ್ರೆ ಆಗಲ್ಲ ಪುಟ್ಟೀ, ನಾನಿಲ್ಲೇ ಕೂತಿರ್ತೀನಿ" ಎಂದೆ. ಅವಳು ಹೇಳಿದ್ದು ಇಲ್ಲಿ ಬರೆಯುವಂಥದ್ದಲ್ಲ. ಅವಳ ತಾಯಿಯನ್ನು ಕರೆಸಿದೆವು. ಹುಡುಗಿ ಪರೀಕ್ಷೆ ಬರೆದಳು, ಈಗ ಪಿ.ಯು. ಓದುತ್ತಿದ್ದಾಳೆ.

ನನ್ನ ಪರವಾನಗಿಯ ಅವಧಿ ಐದು ವರ್ಷ, 2028ಕ್ಕೆ ಮುಗಿಯುತ್ತದೆ. ನನ್ನ ನೌಕರಿಯೂ ಅದೇ ವರ್ಷ ಮುಗಿಯುತ್ತದೆ. ಆಗ ತೋಟವನ್ನು ಯಾರಿಗಾದರೂ ವಹಿಸಿ ಮಗಳ ಮನೆಗೆ ಹೋಗುವ ಯೋಚನೆಯಿದೆ. ಅಲ್ಲಿಗೆ ಹೊಲಿಗೆ ಯಂತ್ರ ಬರುತ್ತದೆ, ರಿವಾಲ್ವರ್ ಬರುವುದಿಲ್ಲ. ನವೀಕರಣಕ್ಕೆ ಅರ್ಜಿ ಹಾಕದೆ, ಅವಧಿ ಮುಗಿಯುವ ಮೊದಲೇ ಕೋವಿ ಅಂಗಡಿಗೆ ಒಪ್ಪಿಸುವುದೆಂದು ತೀರ್ಮಾನಿಸಿದ್ದೇನೆ. ಒಪ್ಪಿಸುವ ದಿನ ಅದರ ಮೇಲೆ ಒಂದು ಚುಕ್ಕೆ ತುಕ್ಕೂ ಇರಬಾರದು ಎಂಬುದಷ್ಟೇ ನನ್ನ ಆಸೆ. ಆ ಕಾಳಿನಷ್ಟು ಕಲೆ ಮಾತ್ರ ಎಷ್ಟು ತಿಕ್ಕಿದರೂ ಹೋಗಿಲ್ಲ.

ಪಂಚೆಯಲ್ಲಿ ಇನ್ನೂ ಅರ್ಧ ಉಳಿದಿದೆ. ಅಲ್ಲಿಯವರೆಗೆ ಸಾಕಾಗುತ್ತದೆ.